ಸಾಲವೂ ತೀರಬೇಕು, ಮನೆ ಕೆಲಸವೂ ನಿಲ್ಲಬಾರದು: ಓವರ್‌ಡ್ರಾಫ್ಟ್ ಗೃಹಸಾಲ 2017ರಿಂದ ಬಳಸಿದವಳ ವಿಮರ್ಶೆ

ಗೃಹಸಾಲ ಇರುವ ಮನೆಗೆ ಒಂದಿಷ್ಟು ಇಡುಗಂಟು ಬಂತು ಅಂದರೆ ಚರ್ಚೆ ಶುರು. ಸಾಲಕ್ಕೆ ಕಟ್ಟೋದಾ, ಮನೆಗೆ ಹಾಕೋದಾ? ಸಾಲಕ್ಕೆ ಕಟ್ಟಿದರೆ ತಾರಸಿ ಸೋರುತ್ತಲೇ ಇರುತ್ತದೆ. ಮನೆಗೆ ಹಾಕಿದರೆ ಬಡ್ಡಿ ಓಡುತ್ತಲೇ ಇರುತ್ತದೆ. ಈ ಇಕ್ಕಟ್ಟಿನಿಂದ ನಮ್ಮನ್ನು ಪಾರು ಮಾಡಿದ್ದು ಓವರ್‌ಡ್ರಾಫ್ಟ್ ಮಾದರಿಯ ಗೃಹಸಾಲ ಖಾತೆ, ಅಂದರೆ ಕೈಯಲ್ಲಿನ ದುಡ್ಡು ಹಾಕಿಟ್ಟು ಬೇಕಾದಾಗ ತೆಗೆಯಬಹುದಾದ ಸಾಲದ ಖಾತೆ. ಹಲವು ಬ್ಯಾಂಕುಗಳು ಇದನ್ನು ಕೊಡುತ್ತವೆ. ಎಸ್‌ಬಿಐನ ಮ್ಯಾಕ್ಸ್‌ಗೇನ್, ಬ್ಯಾಂಕ್ ಆಫ್ ಬರೋಡದ ಹೋಮ್ ಲೋನ್ ಅಡ್ವಾಂಟೇಜ್ ಇದೇ ಬಗೆಯವು. ನಾವು ಯಾವ ಬ್ಯಾಂಕಿನಲ್ಲಿ ತೆಗೆದುಕೊಂಡೆವು ಅನ್ನೋದು ಇಲ್ಲಿ ಮುಖ್ಯವಲ್ಲ, ಹಾಗಾಗಿ ಹೆಸರು ಹೇಳುತ್ತಿಲ್ಲ. ಈ ಬಗೆಯ ಸಾಲ ದಿನನಿತ್ಯದಲ್ಲಿ ಹೇಗೆ ನಡೆಯುತ್ತದೆ ಅನ್ನೋದನ್ನು ಹೇಳುತ್ತೇನೆ.

ಮೈಸೂರಿನಲ್ಲಿ ನಮ್ಮದು 30–40 ಸೈಟಿನ ಮನೆ. 2017ರಲ್ಲಿ 35 ಲಕ್ಷ ಸಾಲ, 20 ವರ್ಷದ ಅವಧಿ, ಬಡ್ಡಿ ಶೇ 8.5. ಇಎಂಐ 30,374 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ ಸುಮಾರು 24,800 ರೂಪಾಯಿ ಬಡ್ಡಿಗೇ ಹೋಯಿತು. ಅಸಲು ಕರಗಿದ್ದು 5,600 ಮಾತ್ರ. ಹೀಗೇ 20 ವರ್ಷ ಕಟ್ಟಿದರೆ 35 ಲಕ್ಷದ ಸಾಲಕ್ಕೆ ಹತ್ತಿರಹತ್ತಿರ 38 ಲಕ್ಷ ಬಡ್ಡಿ. ಈ ಲೆಕ್ಕ ನೋಡಿದ ದಿನವೇ ಬೇಗ ತೀರಿಸಬೇಕು ಅಂತ ನಾನು, ನಮ್ಮನೆಯವರು ಇಬ್ಬರೂ ತೀರ್ಮಾನ ಮಾಡಿದೆವು.

ಮಾಮೂಲಿ ಗೃಹಸಾಲದಲ್ಲೂ ಬೇಗ ತೀರಿಸಬಹುದು. ವ್ಯಕ್ತಿಗಳು ಫ್ಲೋಟಿಂಗ್ (ಏರಿಳಿಯುವ) ಬಡ್ಡಿಯಲ್ಲಿ ತೆಗೆದುಕೊಂಡ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ಬ್ಯಾಂಕ್ ದಂಡ ಹಾಕುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ಆದರೆ ಅಲ್ಲಿ ಹೆಚ್ಚುವರಿ ಕಟ್ಟಿದ 1 ಲಕ್ಷ ಅಸಲಿಗೆ ಸೇರಿಬಿಡುತ್ತದೆ. ಮತ್ತೆ ಕೈಗೆ ಸಿಗಲ್ಲ. ಓವರ್‌ಡ್ರಾಫ್ಟ್ ಖಾತೆಯಲ್ಲಿ ಹಾಕಿದ ದುಡ್ಡು ಅಲ್ಲೇ ನಿಂತಿರುತ್ತದೆ. ಎಷ್ಟು ದಿನ ನಿಂತಿರುತ್ತದೋ ಅಷ್ಟು ದಿನ ಅಷ್ಟು ಸಾಲಕ್ಕೆ ಬಡ್ಡಿ ಬೀಳಲ್ಲ. ಬೇಕಾದಾಗ ತೆಗೆಯಬಹುದು. ಒಂದು ಉದಾಹರಣೆ. ಸಾಲದ ಮಿತಿ 30 ಲಕ್ಷ ಇದೆ, ನೀವು 6 ಲಕ್ಷ ಹಾಕಿಟ್ಟಿದ್ದೀರಿ ಅಂದುಕೊಳ್ಳಿ. ಬಡ್ಡಿ ಬೀಳೋದು 24 ಲಕ್ಷಕ್ಕೆ, ಅದೂ ದಿನದ ಲೆಕ್ಕದಲ್ಲಿ. ಈ ಮಿತಿಗೆ ಬ್ಯಾಂಕಿನವರು ಡ್ರಾಯಿಂಗ್ ಪವರ್ ಅನ್ನುತ್ತಾರೆ. ಅದು ತಿಂಗಳಿಂದ ತಿಂಗಳಿಗೆ ಮೊದಲೇ ಬರೆದಿಟ್ಟ ಪಟ್ಟಿಯಂತೆ ಇಳಿಯುತ್ತಾ ಹೋಗುತ್ತದೆ.

5 ಲಕ್ಷ ಹೀಗೆ ನಿಂತರೆ ಶೇ 8.5ರಂತೆ ವರ್ಷಕ್ಕೆ 42,500 ರೂಪಾಯಿ ಬಡ್ಡಿ ಉಳಿಯುತ್ತದೆ. ಅದೇ ದುಡ್ಡು ಉಳಿತಾಯ ಖಾತೆಯಲ್ಲಿದ್ದರೆ, ಶೇ 3 ಅಂತಿಟ್ಟುಕೊಂಡರೂ 15,000 ಸಿಗುತ್ತದೆ. ಎಫ್‌ಡಿ ಮಾಡಿದರೆ ಬಂದ ಬಡ್ಡಿಗೆ ತೆರಿಗೆ ಕಟ್ಟಬೇಕಾಗಬಹುದು. ಉಳಿಸಿದ ಬಡ್ಡಿಗೆ ಯಾವ ತೆರಿಗೆಯೂ ಇಲ್ಲ.

ನಮ್ಮಂಥವರಿಗೆ ಇದು ಯಾಕೆ ಹೊಂದಿತು ಅಂದರೆ, ನಮ್ಮ ವರಮಾನ ಒಂದೇ ಸಮ ಇಲ್ಲ. ಸಂಬಳ ಇಎಂಐಗೆ, ಮನೆಖರ್ಚಿಗೆ ಸರಿಹೋಗುತ್ತದೆ. ತೀರ್ಥಹಳ್ಳಿ ಕಡೆಯ ತೋಟದಿಂದ ಅಡಿಕೆ ದುಡ್ಡಿನ ಪಾಲು ಮಾತ್ರ ಕೊಯ್ಲು, ಮಾರಾಟ ಮುಗಿದ ಮೇಲೆ ಒಟ್ಟಿಗೆ ಬರುತ್ತದೆ. ದೀಪಾವಳಿ ಬೋನಸ್ ಇನ್ನೊಂದು ಹೊತ್ತಿಗೆ. ಬಂದದ್ದನ್ನೆಲ್ಲ ಅದೇ ದಿನ ಸಾಲದ ಖಾತೆಗೆ ಹಾಕುತ್ತೇವೆ. ಖರ್ಚು ಬಂದಾಗ ತೆಗೆಯುತ್ತೇವೆ. ಸಂಬಳವೂ ಅಲ್ಲೇ ಬೀಳುವ ಹಾಗೆ ಮಾಡಿಕೊಂಡರೆ ತಿಂಗಳ ಕೊನೆಯವರೆಗೆ ಉಳಿದ ದುಡ್ಡೂ ಕೆಲಸ ಮಾಡುತ್ತದೆ.

ಈಗ ಮನೆ ಕೆಲಸದ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಕಾಣೋದು ಒಂದೇ ಮೊತ್ತ. ಅದರಲ್ಲಿ ಯಾವುದು ಯಾವುದಕ್ಕೆ ಅಂತ ಬ್ಯಾಂಕ್ ಹೇಳಲ್ಲ. ಅದಕ್ಕೇ ನಾವು ಮನೆಯಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಅದರಲ್ಲಿ ಮೂರು ಪಾಲು: ಸಾಲಕ್ಕೆ, ಮನೆ ಕೆಲಸಕ್ಕೆ, ಆಪತ್ತಿಗೆ. ಆಪತ್ತಿನ ಪಾಲು ಅಂದರೆ ಆರು ತಿಂಗಳ ಖರ್ಚು ಮತ್ತು ಇಎಂಐ. ಸಾಲದ ಪಾಲಿಗೆ ಬರೆದದ್ದನ್ನು ಯಾವ ಕಾರಣಕ್ಕೂ ತೆಗೆಯೋದಿಲ್ಲ, ಕಾರಿಗೂ ಇಲ್ಲ, ಮದುವೆಗೂ ಇಲ್ಲ. ಈ ಖಾತೆಯ ಎಲ್ಲ ಲಾಭವೂ ನಿಂತಿರೋದು ಈ ಒಂದು ಕಟ್ಟುಪಾಡಿನ ಮೇಲೆ. ಸುಮ್ನೆ ಖಾತೆ ತೆರೆದ ಮಾತ್ರಕ್ಕೆ ಸಾಲ ಬೇಗ ತೀರಲ್ಲ.

ಮನೆ ಕೆಲಸಗಳನ್ನು ಆರಿಸೋಕೂ ಒಂದು ಕ್ರಮ ಮಾಡಿಕೊಂಡೆವು. ತಡ ಮಾಡಿದಷ್ಟೂ ಖರ್ಚು ಬೆಳೆಯುವ ಕೆಲಸ ಮೊದಲು. ಯಾರಾದರೂ ಬಿದ್ದು ಪೆಟ್ಟು ಮಾಡಿಕೊಳ್ಳುವ ಭಯ ಇರುವ ಕೆಲಸ ಆಮೇಲೆ. ಜಾಗ ಸಾಲದೆ ಮಾಡುವ ಕೆಲಸ ಮೂರನೆಯದು. ಚಂದಕ್ಕೆ ಮಾಡುವುದು ಕೊನೆಗೆ. ಹೀಗೆ ತಾರಸಿಯ ವಾಟರ್‌ಪ್ರೂಫಿಂಗ್ ಮೊದಲು ಆಯಿತು, ಸುಮಾರು 55,000. ಮಳೆಗಾಲಕ್ಕೆ ಮುಂಚೆಯೇ ಮುಗಿಸಿದೆವು. ನೀರು ಸ್ಲ್ಯಾಬಿಗೆ ಇಳಿದು ಕಬ್ಬಿಣ ತುಕ್ಕು ಹಿಡಿದರೆ ಆಮೇಲೆ ಪ್ಲಾಸ್ಟರ್ ಉದುರೋದು, ಅದರ ರಿಪೇರಿ ಬೇರೆ. ಆ ಖರ್ಚಿನ ಮುಂದೆ ಇದು ಏನೂ ಅಲ್ಲ.

ಎರಡನೆಯದು ಅತ್ತೆಯ ಬಚ್ಚಲುಮನೆ. ಜಾರದ ಟೈಲ್ಸ್, ಕಮೋಡ್, ಗೋಡೆಗೆ ಹಿಡಿದುಕೊಳ್ಳುವ ಸ್ಟೀಲ್ ಕಂಬಿ, ಹೊಸಿಲಿನ ಎತ್ತರ ತೆಗೆಯೋದು. ಎಲ್ಲ ಸೇರಿ 1.4 ಲಕ್ಷ. ಅತ್ತೆಗೆ ಇದು ಇಷ್ಟ ಇರಲಿಲ್ಲ. "ನನ್ನ ಬಚ್ಚಲು ಆಮೇಲೆ ಆಗ್ಲಿ ಕಣೆ, ಮೊದ್ಲು ಸಾಲ ತೀರಿಸ್ಕೊಳ್ಳಿ" ಅಂದರು. "ಅತ್ತೆ, ಬಚ್ಚಲಿಗೆ ಅಂತ ಎತ್ತಿಟ್ಟ ದುಡ್ಡೂ ಇಷ್ಟು ದಿನ ಸಾಲದ ಬಡ್ಡಿನೇ ಉಳಿಸಿದೆ. ನೀವು ಕಾಯೋದು ಬೇಡ" ಅಂದೆ. ಈ ಖಾತೆಯ ಬಗ್ಗೆ ನಾನು ಹೇಳಬೇಕಾದ ದೊಡ್ಡ ಮಾತು ಇದೇ. ಸಾಲದ ಹೆಸರಲ್ಲಿ ಮನೆಯ ಹಿರಿಯರು ತಮ್ಮ ಅಗತ್ಯವನ್ನು ಮುಂದೆ ಹಾಕಬೇಕಾಗಿ ಬರಲಿಲ್ಲ.

ದೊಡ್ಡ ಖರ್ಚು ಮೇಲಿನ ಕೋಣೆ. 300 ಚದರಡಿ, ಹತ್ತಿರಹತ್ತಿರ 6 ಲಕ್ಷ. ಬ್ಯಾಂಕಿನವರು ಟಾಪ್-ಅಪ್ ಸಾಲ (ಇರುವ ಗೃಹಸಾಲದ ಮೇಲೆ ಇನ್ನಷ್ಟು ಸಾಲ) ತೆಗೆದುಕೊಳ್ಳಿ ಅಂದರು. ಅದನ್ನು ಒಟ್ಟಿಗೆ ಉಳಿತಾಯ ಖಾತೆಗೆ ಹಾಕಿಬಿಟ್ಟರೆ ಮೇಸ್ತ್ರಿ ಕೆಲಸ ಶುರು ಮಾಡುವ ಮೊದಲೇ 6 ಲಕ್ಷಕ್ಕೂ ಬಡ್ಡಿ ಶುರು, ಶೇ 8.5ರಂತೆ ತಿಂಗಳಿಗೆ 4,250. ನಾವು ನಮ್ಮ ಖಾತೆಯಿಂದಲೇ ತೆಗೆದೆವು. ಇಟ್ಟಿಗೆಗೆ ಒಮ್ಮೆ, ಸೆಂಟ್ರಿಂಗ್‌ಗೆ ಒಮ್ಮೆ, ಪ್ಲಾಸ್ಟರಿಂಗ್‌ಗೆ ಒಮ್ಮೆ, ಕೆಲಸ ಆದಷ್ಟಕ್ಕೆ ದುಡ್ಡು. ಉಳಿದದ್ದು ಖಾತೆಯಲ್ಲೇ ಬಡ್ಡಿ ಉಳಿಸುತ್ತಿತ್ತು. ಪ್ರೊಸೆಸಿಂಗ್ ಶುಲ್ಕ ಇಲ್ಲ, ಹೊಸ ಕಾಗದಪತ್ರ ಇಲ್ಲ. ಮೇಸ್ತ್ರಿಗೆ ಮುಂಗಡ ಜಾಸ್ತಿ ಕೊಡದೆ ಇರೋಕೂ ಇದರಿಂದ ಅನುಕೂಲವಾಯಿತು.

ಸೋಲಾರ್ ಬಗ್ಗೆಯೂ ಯೋಚಿಸಿದ್ದೆವು. 2024ರ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ಆದರೆ ಗೃಹಜ್ಯೋತಿಯಿಂದ ನಮ್ಮ ಕರೆಂಟ್ ಬಿಲ್ ಈಗಾಗಲೇ ಸೊನ್ನೆ. ಇಲ್ಲದ ಬಿಲ್ ಉಳಿಸೋಕೆ ದುಡ್ಡು ಹಾಕುವುದಕ್ಕಿಂತ ಅದು ಸಾಲದ ಖಾತೆಯಲ್ಲಿದ್ದರೆ ಲಾಭ ಜಾಸ್ತಿ. ಮಾಡ್ಯುಲರ್ ಕಿಚನ್ ಕೂಡ ಇನ್ನೂ ಪಟ್ಟಿಯ ಕೊನೆಯಲ್ಲೇ ಇದೆ.

ಇನ್ನು ತೊಂದರೆಗಳು. ಬಡ್ಡಿ ಮಾಮೂಲಿ ಸಾಲಕ್ಕಿಂತ ತುಸು ಜಾಸ್ತಿ ಇರಬಹುದು. ನಮಗೆ ಶೇ 0.25 ಹೆಚ್ಚಿತ್ತು. 35 ಲಕ್ಷಕ್ಕೆ ಅದು ವರ್ಷಕ್ಕೆ 8,750 ರೂಪಾಯಿ. ನನ್ನ ಲೆಕ್ಕದಲ್ಲಿ ವರ್ಷಪೂರ್ತಿ ಸರಾಸರಿ ಒಂದು ಲಕ್ಷಕ್ಕಿಂತ ತುಸು ಹೆಚ್ಚಾದರೂ ಖಾತೆಯಲ್ಲಿ ನಿಲ್ಲದಿದ್ದರೆ ಈ ಸಾಲ ನಷ್ಟ. ಅಷ್ಟು ದುಡ್ಡು ನಿಲ್ಲದವರಿಗೆ ಮಾಮೂಲಿ ಸಾಲವೇ ಸರಿ.

ಸ್ಟೇಟ್‌ಮೆಂಟ್ ಓದೋದು ಕಷ್ಟ. ಆ್ಯಪ್‌ನಲ್ಲಿ ತೆಗೆಯಬಹುದಾದ ದುಡ್ಡು ದೊಡ್ಡದಾಗಿ ಕಾಣುತ್ತದೆ, ನಿಜವಾದ ಸಾಲ ಎಷ್ಟು ಅಂತ ನಾವೇ ಕಳೆದು ನೋಡಬೇಕು. ನಮ್ಮ ಶಾಖೆಯಲ್ಲಿ ಈ ಖಾತೆ ಗೊತ್ತಿರುವ ಸಿಬ್ಬಂದಿ ಕಡಿಮೆ. ಸಾಲ ಕೊಡುವಾಗ ಒಂದೇ ಕಂತಿನ ವಿಮೆ ಮಾಡಿಸಲೇಬೇಕು ಅಂದಿದ್ದರು. ಕಡ್ಡಾಯ ಅಂತ ಬರೆದು ಕೊಡಿ ಅಂದಾಗ ಮಾತು ನಿಂತಿತು. ನಾವು ಬೇರೆ ಕಡೆ ಟರ್ಮ್ ವಿಮೆ ಮಾಡಿಸಿದೆವು, ಅದು ಅಗತ್ಯವೇ.

ಬಡ್ಡಿ ಏರುವ ಕಾಲದಲ್ಲಿ ಎಚ್ಚರ ಬೇಕು. 2022ರ ಮೇನಿಂದ 2023ರ ಫೆಬ್ರುವರಿಯೊಳಗೆ ರೆಪೊ ದರ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ) ಶೇ 4ರಿಂದ 6.5ಕ್ಕೆ ಏರಿತು. ನಮ್ಮದು ಆಗಲೇ ರೆಪೊಗೆ ಜೋಡಿಸಿದ ಸಾಲ, ಹಾಗಾಗಿ ಪೆಟ್ಟು ಬೇಗ ತಟ್ಟಿತು. ಇಎಂಐ ಅಷ್ಟೇ ಇಟ್ಟು ಅವಧಿಯನ್ನು ಎಳೆದಿದ್ದರು. ಇಎಂಐ ಏರಿಸಿ, ಅವಧಿ ಮುಟ್ಟಬೇಡಿ ಅಂತ ಬರೆದು ಕೊಟ್ಟೆವು. ಈ ಆಯ್ಕೆಯನ್ನು ಗ್ರಾಹಕರಿಗೆ ಕೊಡಬೇಕು ಅಂತ 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕೇ ಹೇಳಿತು. 2025ರಲ್ಲಿ ದರ ಇಳಿದಾಗ ಇಎಂಐ ಇಳಿಸಿಕೊಳ್ಳಲಿಲ್ಲ. ಇಳಿದ ಬಡ್ಡಿ ಅಸಲಿಗೆ ಹೋಗಲಿ ಅಂತ ಬಿಟ್ಟೆವು.

ತೆರಿಗೆಗೋಸ್ಕರ ಸಾಲ ಇಟ್ಟುಕೊಳ್ಳಿ ಅಂತ ಹೇಳುವವರು ತುಂಬ ಜನ. ಹಳೇ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ ಇದೆ, ನಿಜ. ಆದರೆ ಶೇ 20ರ ತೆರಿಗೆಯವರು 100 ರೂಪಾಯಿ ಬಡ್ಡಿ ಕಟ್ಟಿ ಉಳಿಸೋದು 20 ರೂಪಾಯಿ ಮಾತ್ರ, ಅಲ್ವಾ? ಹೊಸ ಪದ್ಧತಿಯಲ್ಲಿ ಆ ವಿನಾಯಿತಿಯೂ ಇಲ್ಲ. ನಾವು ಹೊಸದಕ್ಕೆ ಬಂದ ಮೇಲೆ ಈ ವಾದ ಮುಗಿಯಿತು. ಹಳೇ ಪದ್ಧತಿಯಲ್ಲೇ ಇರುವವರಿಗೆ ಒಂದು ಮಾತು: ಖಾತೆಯಲ್ಲಿ ಸುಮ್ಮನೆ ನಿಲ್ಲಿಸಿದ ದುಡ್ಡು ಅಸಲು ಕಟ್ಟಿದ್ದಕ್ಕೆ ಸಿಗುವ ತೆರಿಗೆ ವಿನಾಯಿತಿಗೆ (80ಸಿ ಅಂತ ಜನ ಹೇಳೋದು) ಸೇರಲ್ಲ.

ಇವತ್ತಿನ ಸ್ಥಿತಿ ಹೀಗಿದೆ. ಬ್ಯಾಂಕಿನ ಪಟ್ಟಿಯ ಪ್ರಕಾರ ಸಾಲ ಇನ್ನೂ 26 ಲಕ್ಷದ ಆಸುಪಾಸು ಇರಬೇಕಿತ್ತು. ನಾವು ಹಾಕಿಟ್ಟದ್ದನ್ನು ಕಳೆದರೆ ಬಡ್ಡಿ ಬೀಳುತ್ತಿರೋದು 4 ಲಕ್ಷಕ್ಕೆ. ಮೇಲಿನ ಕೋಣೆ, ಬಚ್ಚಲು, ತಾರಸಿ ಎಲ್ಲ ಆದ ಮೇಲಿನ ಲೆಕ್ಕ ಇದು. ನನಗೆ ಇದರ ಬಗ್ಗೆ ತುಂಬ ಸಮಾಧಾನ ಇದೆ.

ಆ 4 ಲಕ್ಷ ಸೊನ್ನೆಗೆ ಬಂದ ಮೇಲೆ ಹಾಕಿದ ದುಡ್ಡಿಗೆ ನಮ್ಮ ಖಾತೆಯಲ್ಲಿ ಬಡ್ಡಿ ಕೊಡಲ್ಲ. ಹಾಗಾಗಿ ಆಮೇಲಿನ ಉಳಿತಾಯ ಎಫ್‌ಡಿಗೆ, ಮಗನ ಕಾಲೇಜಿಗೆ ಹೋಗುತ್ತದೆ. ಸೊನ್ನೆ ಆದ ತಕ್ಷಣ ಖಾತೆ ಮುಚ್ಚೋದಿಲ್ಲ. ಮಗನ ಸೀಟು ಖಚಿತವಾಗುವವರೆಗೆ ಬೇಕಾದಾಗ ತೆಗೆಯುವ ಅವಕಾಶ ಇರಲಿ ಅಂತ ಇಬ್ಬರೂ ಒಪ್ಪಿದ್ದೇವೆ. ಮುಚ್ಚುವವರು ಮಾತ್ರ ಇಷ್ಟನ್ನು ಮರೆಯಬೇಡಿ: ಸಾಲ ಪೂರ್ತಿ ತೀರಿದ 30 ದಿನದೊಳಗೆ ಮನೆ ಪತ್ರಗಳನ್ನು ಬ್ಯಾಂಕ್ ವಾಪಸ್ ಕೊಡಬೇಕು. ಬ್ಯಾಂಕಿನಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. 2023ರ ಡಿಸೆಂಬರ್ 1ರಿಂದ ಈ ನಿಯಮ ಇದೆ. ಪತ್ರ ಕೈಗೆ ಬಂದ ಮೇಲೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಅಡಮಾನ ಬಿಡುಗಡೆ ಮಾಡಿಸಿ, ಕಾವೇರಿ ತಂತ್ರಾಂಶದಲ್ಲಿ ಹೊಸ ಇಸಿ (ಋಣಭಾರ ಪ್ರಮಾಣಪತ್ರ) ತೆಗೆದು ಬ್ಯಾಂಕಿನ ಹೊರೆ ಹೋಗಿದೆಯಾ ಅಂತ ನೋಡಿಕೊಳ್ಳಿ.