ಮೂರು ಫೋಟೊ ಲೈಬ್ರರಿ ಒಂದು ಮಾಡಲು ಹೋಗಿ ನಾನು ಕಳೆದುಕೊಂಡಿದ್ದು

ನನ್ನ ಹತ್ತಿರ ಮೂರು ಫೋಟೊ ಲೈಬ್ರರಿ ಇದ್ದವು. ಹಳೇ ಲ್ಯಾಪ್‌ಟಾಪಿನಲ್ಲಿ ಒಂದು, ಈಗಿನದರಲ್ಲಿ ಒಂದು, ಅಪ್ಪನ ಕ್ಯಾಮೆರಾದಿಂದ ಹಾರ್ಡ್ ಡಿಸ್ಕಿಗೆ ಇಳಿಸಿಟ್ಟಿದ್ದು ಇನ್ನೊಂದು. ಒಂದು ಫೋಟೊ ಬೇಕು ಅಂದ್ರೆ ಮೂರೂ ಕಡೆ ತಡಕಾಡಬೇಕಿತ್ತು. ಎಲ್ಲ ಒಂದೇ ಕಡೆ ಇದ್ದರೆ ಒಳ್ಳೇದು ಅಲ್ವಾ ಅನ್ನಿಸಿ ಒಂದು ಭಾನುವಾರ ಕೂತು ಸೇರಿಸಿಬಿಟ್ಟೆ, ಸಂಜೆಗೆ ಆ ಹಾರ್ಡ್ ಡಿಸ್ಕನ್ನೂ ಖಾಲಿ ಮಾಡಿದೆ. ಈ ಕೊನೆಯ ಕೆಲಸವನ್ನು ದಯವಿಟ್ಟು ಯಾರೂ ಮಾಡಬೇಡಿ.

ಜಾಸ್ತಿ ಹೊಡೆತ ಬಿದ್ದಿದ್ದು ಫೈಲಿನ ಹೆಸರಿನಿಂದ. ಕ್ಯಾಮೆರಾಗಳು ಸಾಮಾನ್ಯವಾಗಿ 0001ರಿಂದ 9999ರವರೆಗೆ ನಂಬರ್ ಕೊಟ್ಟು ಮತ್ತೆ 0001ರಿಂದ ಶುರು ಮಾಡುತ್ತವೆ. ಹಾಗಾಗಿ ಬೇರೆ ಬೇರೆ ವರ್ಷದ ಎರಡು ಫೋಟೊಗಳಿಗೆ ಒಂದೇ ಹೆಸರು ಇರಬಹುದು. ಎಲ್ಲವನ್ನೂ ಒಂದೇ ಫೋಲ್ಡರಿಗೆ ಹಾಕುವಾಗ, ಈ ಹೆಸರಿನ ಫೈಲ್ ಆಗಲೇ ಇದೆ, ಅದರ ಬದಲು ಇದನ್ನು ಇಡಲೇ ಅಂತ ಕಂಪ್ಯೂಟರ್ ಕೇಳಿತು. ಅದೇ ಫೋಟೊ ಇರಬೇಕು ಅಂದುಕೊಂಡು ಸುಮ್ನೆ ಎಲ್ಲದಕ್ಕೂ ಹೌದು ಅಂತ ಒತ್ತಿದೆ. ಅಜ್ಜಿಯ ಕೊನೆಯ ಹುಟ್ಟುಹಬ್ಬದ ಫೋಟೊಗಳು ಹೋದದ್ದು ಹಾಗೆ.

ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಆಲ್ಬಮ್, ಮುಖಗಳಿಗೆ ಕೊಟ್ಟ ಹೆಸರು, ಮಾಡಿದ ಎಡಿಟಿಂಗ್, ಇವೆಲ್ಲ ಸಾಮಾನ್ಯವಾಗಿ ಫೋಟೊ ಫೈಲಿನೊಳಗೆ ಇರುವುದಿಲ್ಲ, ಫೋಟೊ ನೋಡುವ ಆಪ್‌ನ ಡೇಟಾಬೇಸಿನಲ್ಲಿ, ಅಂದರೆ ಅದು ಬೇರೆಯಾಗಿ ಇಟ್ಟುಕೊಳ್ಳುವ ಮಾಹಿತಿಯಲ್ಲಿ, ಇರುತ್ತವೆ. ನಾನು ಫೈಲುಗಳನ್ನು ಮಾತ್ರ ಎತ್ತಿಕೊಂಡು ಬಂದೆ, ವರ್ಷಗಟ್ಟಲೆ ಜೋಡಿಸಿದ್ದು ಅಲ್ಲೇ ಉಳಿಯಿತು. ವಾಟ್ಸಾಪಿನಲ್ಲಿ ಬಂದ ಫೋಟೊಗಳಲ್ಲಿ ತೆಗೆದ ದಿನಾಂಕ ಸಾಮಾನ್ಯವಾಗಿ ಇರುವುದಿಲ್ಲವಲ್ಲ, ಅವೆಲ್ಲ ಆ ಭಾನುವಾರವೇ ತೆಗೆದಂತೆ ಒಂದೇ ರಾಶಿಯಾಗಿ ಬಿದ್ದವು. ಡೂಪ್ಲಿಕೇಟ್ ತೆಗೆಯುವ ಆಪ್ ಬೇರೆ ಓಡಿಸಿದ್ದೆ. ನೋಡಲು ಒಂದೇ ಥರ ಇರುವುದನ್ನೆಲ್ಲ ಡೂಪ್ಲಿಕೇಟ್ ಅಂದುಕೊಂಡು ಕೆಲವು ಕಡೆ ದೊಡ್ಡ ಮೂಲ ಫೋಟೊ ಅಳಿಸಿ ಚಿಕ್ಕದನ್ನು ಉಳಿಸಿತ್ತು.

ಇಷ್ಟೆಲ್ಲ ಗೊತ್ತಾಗುವ ಹೊತ್ತಿಗೆ ಆ ಹಾರ್ಡ್ ಡಿಸ್ಕಿಗೆ ಬೇರೆ ಏನೇನೋ ತುಂಬಿಸಿದ್ದೆ. ಅಳಿಸಿದ ಜಾಗದ ಮೇಲೆ ಹೊಸದು ಬರೆದರೆ ಹಳೆಯದನ್ನು ವಾಪಸ್ ತರಲು ಆಗುವುದಿಲ್ಲ.

ಹಾಗಾದರೆ ಸೇರಿಸಲೇಬಾರದಾ? ಹುಡುಕಲು ಸುಲಭ ಆಗಲಿ ಅಂತ ಮಾತ್ರ ಆದರೆ ಬೇಡ ಅಂತಲೇ ನಾನು ಹೇಳುತ್ತೇನೆ. ಹಳೇ ಲೈಬ್ರರಿ ಹಾಗೇ ಇರಲಿ, ಹೊಸ ಫೋಟೊಗಳು ಒಂದು ಕಡೆ ಬೀಳಲಿ. ಸೇರಿಸಲೇಬೇಕು ಅಂದ್ರೆ ಮೊದಲು ಪ್ರತಿಯೊಂದರ ಪೂರ್ತಿ ಕಾಪಿ ಬೇರೆ ಡಿಸ್ಕಿಗೆ ಹಾಕಿ, ಆ ಡಿಸ್ಕನ್ನು ಕಂಪ್ಯೂಟರಿನಿಂದ ತೆಗೆದಿಡಿ. ಸಿಂಕ್ ಆಗಿರುವುದನ್ನು, ಅಂದರೆ ಫೋನು, ಕಂಪ್ಯೂಟರ್ ಎಲ್ಲದರಲ್ಲೂ ತಾನಾಗೇ ಒಂದೇ ಥರ ಇರುವಂತೆ ಮಾಡಿದ್ದನ್ನು, ಬ್ಯಾಕಪ್ ಅಂದುಕೊಳ್ಳಬೇಡಿ, ಒಂದು ಕಡೆ ಅಳಿಸಿದರೆ ಅದು ಎಲ್ಲ ಕಡೆಯೂ ಅಳಿಯುತ್ತದೆ. ಎಷ್ಟು ಫೋಟೊ, ಎಷ್ಟು ವಿಡಿಯೊ ಇವೆ ಅಂತ ಬರೆದಿಟ್ಟುಕೊಳ್ಳಿ. ಮೊದಲು ಒಂದು 100 ಫೋಟೊ ಮಾತ್ರ ಸೇರಿಸಿ ದಿನಾಂಕ, ಆಲ್ಬಮ್ ಸರಿ ಬಂದಿವೆಯಾ ನೋಡಿ. ಹಳೆಯದನ್ನು ಅಳಿಸಲು ಕೆಲವು ತಿಂಗಳಾದರೂ ಕಾಯಿರಿ.

ಅಜ್ಜಿಯ ಆ ದಿನದ ಎರಡು ಫೋಟೊ ಚಿಕ್ಕಮ್ಮನ ಫೋನಿನಲ್ಲಿ ಸಿಕ್ಕವು. ವಾಟ್ಸಾಪಿನಲ್ಲಿ ನಾನೇ ಕಳಿಸಿದ್ದವು, ದೊಡ್ಡದು ಮಾಡಿದರೆ ಮುಖ ಮಸುಕಾಗುತ್ತದೆ.