ಅಶ್ವಿನಿ ಮಳೆಯಲ್ಲಿ ಮೀನು ನೋಡೋಕೆ ಎಲ್ಲಿಗೆ?

ಬೇಸಿಗೆ ರಜೆ ಶುರುವಾದ ದಿನದಿಂದ ಮನೆಯಲ್ಲಿ ಒಂದೇ ಹಟ, ಮೀನು ತೋರಿಸು ಅಂತ. ಮಗಳಿಗೆ 9 ವರ್ಷ, ಮಗನಿಗೆ 4. ಜೊತೆಗೆ ಮಂಡಿ ನೋವಿರುವ ನಮ್ಮತ್ತೆ. ಮೈಸೂರಿನ ಅಶ್ವಿನಿ ಮಳೆ ಗೊತ್ತಲ್ವಾ? ಬೆಳಿಗ್ಗೆಯೆಲ್ಲ ಬಿಸಿಲು, ಮಧ್ಯಾಹ್ನ ಸೆಖೆ, ಮೂರು ಗಂಟೆ ದಾಟಿದರೆ ಚಾಮುಂಡಿ ಬೆಟ್ಟದ ಮೇಲೆ ಕಪ್ಪು ಮೋಡ. ಆಮೇಲೆ ಗುಡುಗು, ಗಾಳಿ. ಏಪ್ರಿಲ್‌ನಲ್ಲಿ ನಾವು ಮೂರು ಕಡೆ ಹೋಗಿ ಬಂದೆವು.

ಮೊದಲು ಹೋಗಿದ್ದು ಸುರಂಗ ಅಕ್ವೇರಿಯಂಗೆ. ರಜೆಯಲ್ಲಿ ಮೈದಾನದಲ್ಲಿ ತಗಡಿನ ಶೀಟು ಹೊದಿಸಿ ಹಾಕುತ್ತಾರಲ್ಲ, ಅದು. ಮಳೆ ಬಂದರೂ ನೆನೆಯುವುದಿಲ್ಲ ಅಂತ ಸಂಜೆ ಹೊರಟೆವು. ಒಳಗೆ ಕಾಲಿಡಲೂ ಜಾಗವಿರಲಿಲ್ಲ. ಶೀಟಿನ ಮೇಲೆ ಮಳೆ ಬಿದ್ದ ಸದ್ದಿಗೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಅಷ್ಟರಲ್ಲಿ ಕರೆಂಟ್ ಹೋಯಿತು. ಜನರೇಟರ್ ಶುರುವಾಗುವವರೆಗೆ ಮಗ ನನ್ನ ಕುತ್ತಿಗೆ ಬಿಡಲಿಲ್ಲ.

ಆದರೂ ಅಲ್ಲಿ ಒಂದು ಮೀನು ನನ್ನ ಮಗಳ ಮನಸ್ಸು ಕದ್ದಿತು. ಅರಪೈಮಾ, ಅಮೆಜಾನ್ ನದಿಯದು. ಅದಕ್ಕೆ ಕಿವಿರಿನ ಉಸಿರು ಸಾಲದು, ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಮೇಲೆ ಬಂದು ಗಾಳಿ ನುಂಗಬೇಕು. ನಮ್ಮ ಕಣ್ಣೆದುರೇ ಬಂತು. ಅಗಲ ಬಾಯಿ ನೀರಿನಿಂದ ಹೊರಗೆ, ಗಟಕ್ ಅಂತ ಒಂದು ಸದ್ದು, ಮತ್ತೆ ಒಳಗೆ. "ಅಮ್ಮಾ, ಅದು ಉಸಿರು ತಗೊಂಡ್ತು!" ಅಂದಳು. ಇನ್ನೊಮ್ಮೆ ಬರುವವರೆಗೆ ನಿಲ್ಲಬೇಕು ಅಂತ ಅವಳ ಆಸೆ. ಹಿಂದಿನಿಂದ "ಮುಂದೆ ನಡೀರಿ, ನಡೀರಿ" ಅಂತ ತಳ್ಳಿದರು. ನನಗೆ ನಿಜಕ್ಕೂ ಬೇಜಾರಾಗಿದ್ದು ಅದು. ಮಗು ನಿಂತು ನೋಡಬೇಕು ಅಂದಾಗ ನಿಲ್ಲೋಕೆ ಬಿಡಬೇಕು.

ಎರಡನೆಯದು ಕಾರಂಜಿ ಕೆರೆ ದಡದ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯ. 1995ರಿಂದ ಇದೆ. ಗದ್ದಲವಿಲ್ಲ, ಮಳೆಯ ಚಿಂತೆಯೂ ಇಲ್ಲ. ಮಗಳು ಒಂದೊಂದು ಮಾದರಿಯ ಮುಂದೆಯೂ ನಿಂತು ಓದಿದಳು. ಆದರೆ ಮಗನಿಗೆ ಯಾವುದೂ ಅಲ್ಲಾಡದಿದ್ದರೆ ಹೇಗೆ? ಅರ್ಧ ಗಂಟೆಗೆ ಹೊರಗೆ ಎಳೆದ. ಸೋಮವಾರ ಇದಕ್ಕೆ ರಜೆ, ಹತ್ತಿರದ ಮೃಗಾಲಯಕ್ಕೆ ಮಂಗಳವಾರ. ಎರಡನ್ನೂ ಸೇರಿಸಿ ಹೊರಡುವವರು ನೋಡಿಕೊಳ್ಳಿ.

ಮೂರನೆಯದು ರಂಗನತಿಟ್ಟು. ಮೀನು ನೋಡೋಕೆ ಪಕ್ಷಿಧಾಮನಾ ಅಂತ ಅತ್ತೆ ಕೇಳಿದರು. ಮಳೆ ಮಧ್ಯಾಹ್ನದ ಮೇಲೆ ತಾನೇ, ಬೆಳಿಗ್ಗೆ ಬೇಗ ಹೋಗಿಬಿಡೋಣ ಅಂತ ತಿಂಡಿ ಕಟ್ಟಿಕೊಂಡು ಹೊರಟೆವು. ಶ್ರೀರಂಗಪಟ್ಟಣದ ಪಕ್ಕ, ದೂರವೇನಿಲ್ಲ. ಪಕ್ಷಿತಜ್ಞ ಸಲೀಂ ಅಲಿ ಹೇಳಿದ ಮೇಲೆ ಮೈಸೂರು ಮಹಾರಾಜರು 1940ರಲ್ಲಿ ಪಕ್ಷಿಧಾಮ ಮಾಡಿದ ಜಾಗ. 2022ರಲ್ಲಿ ರಾಮ್ಸಾರ್ ಪಟ್ಟಿಗೂ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೂ ಸೇರಿತು.

ರಾತ್ರಿ ಬಿದ್ದ ಮಳೆಗೆ ಮರಗಳೆಲ್ಲ ತೊಳೆದಿಟ್ಟ ಹಾಗಿದ್ದವು. ದೋಣಿಯವರು ಅತ್ತೆಯ ಕೈ ಹಿಡಿದು ಹತ್ತಿಸಿದರು. "ನೀರಿಗೆ ಕೈ ಬಿಡ್ಬೇಡ ಕಣ್ ಮಗಾ" ಅಂತ ಮಗನಿಗೆ ಹೇಳಿ ಬಂಡೆ ಕಡೆ ತೋರಿಸಿದರು. ಬಾಯಿ ತೆರೆದು ಮಲಗಿದ್ದ ಮೊಸಳೆ! ಅಲ್ಲಿಂದ ಮುಂದೆ ಬಣ್ಣದ ಕೊಕ್ಕರೆಗಳ ಗೂಡು. ತಾಯಿ ಹಾರಿ ಬಂದು ಕೂತಿತು. ಮರಿಗಳು ಕತ್ತು ಚಾಚಿ ಕಿರುಚಿದವು. ಅದು ತಲೆ ಬಗ್ಗಿಸಿ ಗಂಟಲಿನಿಂದ ಮೀನುಗಳನ್ನು ಗೂಡಿನೊಳಗೆ ಸುರಿಯಿತು. ದೋಣಿಯವರು ಹುಟ್ಟು ಹಾಕುವುದನ್ನು ನಿಲ್ಲಿಸಿದರು. ನಾವು ಸುಮ್ನೆ ನೋಡುತ್ತಾ ಕೂತೆವು. ಯಾರೂ ತಳ್ಳಲಿಲ್ಲ.

ನೀರೊಳಗಿನ ಮೀನು ಕಾಣಲಿಲ್ಲ, ನಿಜ. ಆದರೆ ಕಿತ್ತಳೆ ರೆಕ್ಕೆಯ ಮಹಶೀರ್ ಬಗ್ಗೆ ಮಕ್ಕಳಿಗೆ ಹೇಳಿದೆ. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಬೇರೆಲ್ಲೂ ಹುಟ್ಟದ ಮೀನು, 50 ಕೆಜಿ ದಾಟಿ ಬೆಳೆಯುತ್ತದೆ. 2018ರಲ್ಲಿ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿ ಸೇರಿತು. ಅಮೆಜಾನಿನ ಮೀನಿನ ಹೆಸರು ಬಾಯಿಪಾಠವಾದ ಮಗುವಿಗೆ, ನಾವು ಕುಡಿಯುವ ನೀರಿನ ಮೀನು ಗೊತ್ತಿಲ್ಲದಿದ್ದರೆ ಹೇಗೆ ಅನ್ನಿಸಿತು.

ತೀರಾ ಚಿಕ್ಕ ಮಕ್ಕಳಿದ್ದರೆ ಸುರಂಗಕ್ಕೇ ಹೋಗಿ, ಆದರೆ ವಾರದ ದಿನ, ಬಾಗಿಲು ತೆರೆಯುವ ಹೊತ್ತಿಗೆ. ದಿನವಿಡೀ ಜಡಿಮಳೆಯಾದರೆ ಕಾರಂಜಿ ದಡ ಸರಿ. ಬೆಳಿಗ್ಗೆ ಬಿಸಿಲು ಬಂತು ಅಂದರೆ ನನ್ನ ಮಟ್ಟಿಗೆ ರಂಗನತಿಟ್ಟೇ. ಬೇರೆ ಜೊತೆ ಬಟ್ಟೆ ಇಟ್ಟುಕೊಳ್ಳಿ, ಗುಡುಗುವ ಮೊದಲು ದೋಣಿ ಇಳಿದುಬಿಡಿ. ಭರಣಿ ಮಳೆ ಹುಟ್ಟುವ ಮೊದಲು ನಾವು ಇನ್ನೊಮ್ಮೆ ಹೋಗುತ್ತೇವೆ. ಮಗಳಿಗೆ ಈಗ ನೀರುನಾಯಿ ನೋಡಬೇಕಂತೆ.