ಐದು ಗ್ರಾಂ ಚಿನ್ನದ ನಾಣ್ಯ: ರೂಪಾಯಿ ಮುಳುಗುತ್ತೆ ಅಂತ ಹೆದರಿ ಕೊಂಡವಳ ಅನುಭವ

ಕೊಂಡದ್ದು 24 ಕ್ಯಾರೆಟ್‌ನ ಐದು ಗ್ರಾಂ ನಾಣ್ಯ. ಕೊಂಡ ಜಾಗ ಕೋಲಾರದ ದೊಡ್ಡಪೇಟೆಯ ಒಂದು ಒಡವೆ ಅಂಗಡಿ. ಹೆಸರು ಬೇಡ, ವಾರಕ್ಕೆರಡು ಸಲ ಅವರ ಮುಂದೆಯೇ ಓಡಾಡಬೇಕು. ಕೊಂಡ ದಿನ 2025ರ ಏಪ್ರಿಲ್ ಕೊನೆ, ಅಕ್ಷಯ ತೃತೀಯಕ್ಕೆ ಎರಡು ದಿನ ಮುಂಚೆ. ನಾನು ಕೊಡುವ ಅಂಕ ಐದಕ್ಕೆ ಮೂರು. ಅದರಲ್ಲಿ ಅರ್ಧ ಅಂಕ ಅವರು ಕೊಟ್ಟ ಬಾದಾಮಿ ಹಾಲಿಗೆ.

ನಮ್ಮದು ಕ್ಲಾಕ್ ಟವರ್ ಹತ್ತಿರ ಒಂದು ಚಿಲ್ಲರೆ ಅಂಗಡಿ. 2004ರಿಂದ ನಾನೇ ಗಲ್ಲಾದ ಮೇಲೆ ಕೂರುತ್ತೇನೆ. ಸೋಪು, ಬೇಳೆ, ಬಿಸ್ಕತ್ತು, ಬೆಳಿಗ್ಗೆ ಹಾಲು. ಇಂಥವಳಿಗೆ ಚಿನ್ನದ ನಾಣ್ಯ ಯಾಕೆ ಬೇಕಾಯ್ತು ಅಂದರೆ, ಕಾರಣ ನನ್ನ ಮೈದುನ.

ಅವನು ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಮನೆಯ ವಾಟ್ಸ್ಯಾಪ್ ಗುಂಪಿಗೆ ದಿನಾ ಒಂದು ಹೆದರಿಕೆ ಕಳಿಸುತ್ತಾನೆ. ಜಿಂಬಾಬ್ವೆಯ ನೂರು ಟ್ರಿಲಿಯನ್ ಡಾಲರ್ ನೋಟಿನ ಫೋಟೋ, ಒಂದರ ಮುಂದೆ 14 ಸೊನ್ನೆ. ಶ್ರೀಲಂಕಾದಲ್ಲಿ ಪೆಟ್ರೋಲಿಗೆ ನಿಂತ ಜನ. ಕೆಳಗೆ ‘ಮುಂದಿನ ಸರದಿ ನಮ್ಮದು’ ಅಂತ ಬರೆದಿರುತ್ತೆ. “ನೋಟೆಲ್ಲ ರದ್ದಿಗೆ ಹೋಗುತ್ತೆ ಅತ್ತಿಗೆ, ಉಳಿಯೋದು ಚಿನ್ನ ಒಂದೇ” ಅಂತ ಫೋನಲ್ಲೂ ಹೇಳಿದ. ನಮ್ಮತ್ತೆ ಪಕ್ಕದಲ್ಲೇ ಹುಣಸೆಬೀಜ ಬಿಡಿಸುತ್ತಾ ಕೂತಿದ್ದರು. “ಬಂಗಾರಂ ತಿಂಟಾರಾ?” ಅಂದರು. ನಮ್ಮ ಕಡೆ ಗೇಲಿ ಮಾಡೋದು ತೆಲುಗಿನಲ್ಲೇ.

ನಾನು ಅತ್ತೆಯ ಮಾತು ಕೇಳಲಿಲ್ಲ. 2016ರ ನವೆಂಬರ್ 8ರ ರಾತ್ರಿ ಗಲ್ಲಾದಲ್ಲಿದ್ದ ಐನೂರರ ನೋಟುಗಳನ್ನು ಮುಂದೆ ಹರಡಿಕೊಂಡು ಕೂತವಳು ನಾನು. ಆ ಭಯ ಹೊಟ್ಟೆಯೊಳಗೆ ಇನ್ನೂ ಇದೆ.

ಅಂಗಡಿಯ ವಿಷಯಕ್ಕೆ ಬರುತ್ತೇನೆ. ಮರ್ಯಾದೆ ಚೆನ್ನಾಗಿ ಮಾಡಿದರು. ಹುಡುಗ ಮೊದಲು ಹನ್ನೊಂದು ತಿಂಗಳ ಕಂತಿನ ಸ್ಕೀಮ್ ತೋರಿಸಿದ, ಆಮೇಲೆ ಬಳೆ ತೋರಿಸಿದ. ನಾಣ್ಯವೇ ಬೇಕು ಅಂದಾಗ ಮುಖ ಸ್ವಲ್ಪ ಸಪ್ಪಗಾಯ್ತು. ನಾಣ್ಯ ಒಂದು ಪ್ಲಾಸ್ಟಿಕ್ ಕಾರ್ಡಿನೊಳಗೆ ಸೀಲ್ ಆಗಿ ಬರುತ್ತೆ. ಕಾರ್ಡಿನ ಮೇಲೆ 999 ಅಂತ ಶುದ್ಧತೆ, ತೂಕ, ನಂಬರ್. ಒಂದು ಕಡೆ ಲಕ್ಷ್ಮಿ. ಅಷ್ಟು ದುಡ್ಡು ಕೊಟ್ಟು ಕೈಗೆ ಬಂದದ್ದು ಒಂದು ರೂಪಾಯಿ ನಾಣ್ಯದಷ್ಟೂ ಭಾರ ಅನ್ನಿಸಲಿಲ್ಲ.

ಈಗ ಬಿಲ್ಲು. ಅವತ್ತು ಅವರ ರೇಟು ಗ್ರಾಂಗೆ 9,800. ಐದು ಗ್ರಾಂಗೆ 49,000. ಮೇಕಿಂಗ್ ಅಂತ ನೂರಕ್ಕೆ ಎರಡು, ಅಂದರೆ 980. ಕುಸುರಿ ಇಲ್ಲ, ಕಲ್ಲು ಇಲ್ಲ, ಅಚ್ಚು ಒತ್ತಿದ್ದಕ್ಕೇ ಅಷ್ಟು. ಎಲ್ಲದರ ಮೇಲೆ ನೂರಕ್ಕೆ ಮೂರು ಜಿಎಸ್‌ಟಿ. ಒಟ್ಟು 51,479 ರೂಪಾಯಿ.

ಮೂರನೇ ದಿನ ನನಗೆ ಒಂದು ಹುಚ್ಚು ಬಂತು. ನಾಳೆ ನಿಜವಾಗಲೂ ರೂಪಾಯಿ ಮುಳುಗಿದರೆ ಇದನ್ನು ಬಳಸೋದು ಹೇಗೆ? ಇವತ್ತೇ ನೋಡಿಬಿಡೋಣ ಅಂತ ಹೊರಟೆ.

ಮೊದಲು ಕೊಂಡ ಅಂಗಡಿಗೇ ಹೋದೆ. “ನಾಣ್ಯಕ್ಕೆ ದುಡ್ಡು ಕೊಡಲ್ಲಮ್ಮ, ಬೇಕಾದರೆ ಒಡವೆ ತಗೊಳ್ಳಿ” ಅಂದರು. ಇದನ್ನು ಮಾರುವಾಗ ಯಾರೂ ಹೇಳಿರಲಿಲ್ಲ. ಬೇರೆ ಅಂಗಡಿಯಲ್ಲಿ, ಪ್ಯಾಕ್ ಕತ್ತರಿಸಿ ಮಿಷನ್‌ನಲ್ಲಿ ಇಟ್ಟು ನೋಡಬೇಕು, ಆಮೇಲೆ ಅವತ್ತಿನ ರೇಟಿಗೆ ನೂರಕ್ಕೆ ಮೂರು ಕಡಿಮೆ ಅಂದರು. ರೇಟು ಇನ್ನೂ 9,800 ಇತ್ತು. ಲೆಕ್ಕ ಹಾಕಿದರೆ 47,530. ಮೂರು ದಿನಕ್ಕೆ 3,949 ರೂಪಾಯಿ ಮಾಯ. ರೂಪಾಯಿ ಮೂರೇ ದಿನದಲ್ಲಿ ಅಷ್ಟು ಬಿದ್ದಿದ್ದರೆ ಟಿವಿಯವರು ಬಾಯಿ ಬಡಿದುಕೊಳ್ಳುತ್ತಿದ್ದರು. ಅಂದಹಾಗೆ, ಬ್ಯಾಂಕಿನಲ್ಲಿ ನಾಣ್ಯ ಕೊಂಡವರಿಗೂ ಸುಖವಿಲ್ಲ. ಬ್ಯಾಂಕುಗಳು ಮಾರುತ್ತವೆ, ವಾಪಸ್ ಕೊಳ್ಳುವುದಿಲ್ಲ.

ಅಲ್ಲಿಂದ ನಾನು ಅಕ್ಕಿ ತರುವ ಮಂಡಿಗೆ ಹೋದೆ. ಇಪ್ಪತ್ತು ವರ್ಷದ ಪರಿಚಯ. ಕಾರ್ಡು ಮುಂದಿಟ್ಟು, “ಅಣ್ಣಾ, ಎರಡು ಚೀಲ ಸೋನಾ ಮಸೂರಿ ಕೊಡಿ, ಇದು ತಗೊಳ್ಳಿ” ಅಂದೆ. ಅವರು ಕನ್ನಡಕ ಏರಿಸಿ, ತಿರುಗಿಸಿ ನೋಡಿದರು. “ಅಲ್ಲಮ್ಮ, ಇದು ಮೂವತ್ತು ಚೀಲದ ದುಡ್ಡು. ಚಿಲ್ಲರೆ ಎಲ್ಲಿಂದ ತರಲಿ? ಮೂಲೆ ಕತ್ತರಿಸಿ ಕೊಡ್ತೀಯಾ?” ಆಮೇಲೆ ಮೆತ್ತಗೆ, “ನಿನಗೆ ಎರಡು ಚೀಲ ಬೇಕಾದರೆ ತಗೊಂಡು ಹೋಗು, ಬರೆದುಕೊಳ್ತೀನಿ” ಅಂದರು.

ಅದನ್ನು ಕೇಳಿ ನನಗೆ 2016 ನೆನಪಾಯಿತು. ಆಗ ಎಟಿಎಂ ಖಾಲಿ, ಬ್ಯಾಂಕಿನ ಮುಂದೆ ಸಾಲು. ನಮ್ಮ ಬೀದಿ ಎರಡು ತಿಂಗಳು ನಡೆದದ್ದು ನನ್ನ ಲೆಕ್ಕದ ಪುಸ್ತಕದ ಮೇಲೆ. ಆಟೋದವರು 310, ಮೂಲೆಮನೆ ಅಜ್ಜಿ 140, ಟೈಲರ್ 85. ಹಾಲಿನವನಿಗೆ ನಾನು ಬಾಕಿ, ನನಗೆ ಅರ್ಧ ಬೀದಿ ಬಾಕಿ. ಸಂಕ್ರಾಂತಿ ಹೊತ್ತಿಗೆ ಇಬ್ಬರನ್ನು ಬಿಟ್ಟು ಎಲ್ಲರೂ ತೀರಿಸಿದರು. ಅವರಲ್ಲಿ ಒಬ್ಬ ಮಾಲೂರಿಗೆ ಮನೆ ಬದಲಾಯಿಸಿಬಿಟ್ಟ. ಇನ್ನೊಬ್ಬ ಈಗಲೂ ಅಂಗಡಿ ಮುಂದೆ ಬಂದರೆ ಆಕಾಶ ನೋಡಿಕೊಂಡು ಹೋಗುತ್ತಾನೆ.

ಅದು ದುಡ್ಡಿನ ಬರ, ದುಡ್ಡಿನ ಸಾವು ಅಲ್ಲ. ಹಳೇ ನೋಟು ಕಟ್ಟಿದರೆ ಹೊಸದು ಬರುತ್ತೆ ಅಂತ ಗೊತ್ತಿತ್ತು. ಅದಕ್ಕೇ ಬರೆದುಕೊಂಡೆ. ಜಿಂಬಾಬ್ವೆಯಲ್ಲಿ ಆದದ್ದು ಬೇರೆ. ಅಂಗಡಿಯವಳಾಗಿ ಅಲ್ಲಿನ ಕಥೆಯಲ್ಲಿ ನನಗೆ ನಾಟಿದ್ದು ಆ ಸೊನ್ನೆಗಳಲ್ಲ. 2007ರಲ್ಲಿ ಅಲ್ಲಿನ ಸರ್ಕಾರ ಬೆಲೆ ಅರ್ಧಕ್ಕೆ ಇಳಿಸಿ ಅಂತ ಅಂಗಡಿಗಳಿಗೆ ಹುಕುಂ ಮಾಡಿತು. ಜನ ನುಗ್ಗಿ ಇದ್ದಬದ್ದದ್ದನ್ನೆಲ್ಲ ಕೊಂಡರು. ಆಮೇಲೆ ಖಾಲಿ ಕಪಾಟು. ನಾಳೆ ಅದೇ ಸಾಮಾನು ತರಲು ದುಡ್ಡು ಸಾಲಲ್ಲ ಅಂದರೆ ಯಾವ ಅಂಗಡಿಯವನು ತಾನೇ ತಂದು ತುಂಬುತ್ತಾನೆ? ಇಂಥ ಕಡೆ ಲೆಕ್ಕದ ಪುಸ್ತಕವೂ ನಡೆಯಲ್ಲ. ಇವತ್ತು ಬರೆದ 85 ರೂಪಾಯಿಗೆ ಸಂಕ್ರಾಂತಿ ಹೊತ್ತಿಗೆ ಒಂದು ಬೆಂಕಿಪೊಟ್ಟಣ ಬರದಿದ್ದರೆ ಬರೆದು ಏನು ಮಾಡಲಿ? ಕೊನೆಗೆ 2009ರಲ್ಲಿ ಅವರು ತಮ್ಮ ದುಡ್ಡು ಬಿಟ್ಟು ಅಮೆರಿಕದ ಡಾಲರ್ ಹಿಡಿದರು. ಶ್ರೀಲಂಕಾದಲ್ಲಿ 2022ರಲ್ಲಿ ಕಾಗದ ತರಿಸಲು ಡಾಲರ್ ಇಲ್ಲದೆ ಶಾಲೆಯ ಪರೀಕ್ಷೆಗಳನ್ನೇ ಮುಂದೂಡಿದ್ದರು.

ನಮ್ಮ ಕತೆ? ನನ್ನ ತವರು ಕೆಜಿಎಫ್. ಅಪ್ಪ ಅಲ್ಲಿನ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ಕೆಳಗಿಳಿಯುತ್ತಿದ್ದವರು. 1991ರಲ್ಲಿ ದೇಶದ ಹತ್ತಿರ ಸುಮಾರು ಮೂರು ವಾರದ ಆಮದಿಗೆ ಸಾಲುವಷ್ಟೇ ಡಾಲರ್ ಉಳಿದಿತ್ತು. ಆಗ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಇಂಗ್ಲೆಂಡ್, ಜಪಾನ್‌ಗಳ ಬ್ಯಾಂಕಿನಲ್ಲಿ ಅಡವಿಟ್ಟಿತು. “ನಾವು ಇಲ್ಲಿ ಅಗೀತೀವಿ, ಅವರು ಅಲ್ಲಿ ಇಡ್ತಾರೆ” ಅಂತ ಅಪ್ಪ ಅಂದಿದ್ದು ನೆನಪಿದೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಕೊನೆ ಕೊನೆಗೆ ಒಂದು ಟನ್ ಕಲ್ಲಿಗೆ ಮೂರ್ನಾಲ್ಕು ಗ್ರಾಂ ಸಿಕ್ಕರೆ ಹೆಚ್ಚು. ಅಂದರೆ ನನ್ನ ಈ ನಾಣ್ಯದ ಹಿಂದೆ ಒಂದು ಟನ್‌ಗೂ ಜಾಸ್ತಿ ಕಲ್ಲು. ನೂರಿಪ್ಪತ್ತು ವರ್ಷ ಅಗೆದು ಕೆಜಿಎಫ್ ಕೊಟ್ಟ ಚಿನ್ನ 800 ಟನ್‌ಗೂ ಮೇಲೆ. ಈಗ ರಿಸರ್ವ್ ಬ್ಯಾಂಕಿನ ಹತ್ತಿರ ಇರುವ ಚಿನ್ನವೂ ಹೆಚ್ಚುಕಡಿಮೆ ಅಷ್ಟೇ, 880 ಟನ್ ಹತ್ತಿರ. ಚಿನ್ನ ಬಿಟ್ಟು ವಿದೇಶಿ ವಿನಿಮಯವೇ 500 ಬಿಲಿಯನ್ ಡಾಲರ್‌ಗೂ ಮೇಲಿದೆ. 1991ರಲ್ಲಿ ಅದು ಒಂದೂಚಿಲ್ಲರೆ ಬಿಲಿಯನ್‌ಗೆ ಇಳಿದಿತ್ತು. ಇದನ್ನು ಮೈದುನನಿಗೆ ಕಳಿಸಿದೆ. ಹೆಬ್ಬೆರಳು ತೋರಿಸಿ ಸುಮ್ಮನಾದ.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಆ ದೀಪಾವಳಿ ಹೊತ್ತಿಗೆ ಗ್ರಾಂ 12,000 ದಾಟಿತ್ತು. ಅವತ್ತು ಮಾರಿದ್ದರೆ ಎಲ್ಲ ಕಳೆದು ಆರು ಸಾವಿರಕ್ಕೂ ಮೇಲೆ ಲಾಭ. ಮೈದುನ “ನೋಡಿದ್ರಾ ಅತ್ತಿಗೆ!” ಅಂತ ಫೋನ್ ಮಾಡಿದ. ಆದರೆ ಅದು ರೂಪಾಯಿ ಮುಳುಗಿ ಬಂದ ಲಾಭ ಅಲ್ಲ. ಏಪ್ರಿಲ್‌ನಲ್ಲಿ ಡಾಲರ್‌ಗೆ 85 ಇದ್ದದ್ದು ಅಕ್ಟೋಬರ್‌ಗೆ 88 ಆಗಿತ್ತು, ಅಷ್ಟೇ. ಮಿಕ್ಕಿದ್ದು ಚಿನ್ನದ್ದೇ ಓಟ, ಹೊರಗೆ ಔನ್ಸ್‌ಗೆ 4,000 ಡಾಲರ್ ದಾಟಿತ್ತು. ಡಿಸೆಂಬರ್‌ನಲ್ಲಿ ಡಾಲರ್ 90 ದಾಟಿದಾಗ ಮತ್ತೆ ಫೋನ್ ಬಂತು. ರೂಪಾಯಿ ಸವೆಯೋದು ನನಗೆ ಡಾಲರ್ ನೋಡಿ ಗೊತ್ತಾಗಬೇಕಾಗಿಲ್ಲ. ಐದು ರೂಪಾಯಿ ಬಿಸ್ಕತ್ತಿನ ಪೊಟ್ಟಣ ಎತ್ತಿ ಕೊಡುವಾಗ ಕೈಗೇ ಗೊತ್ತಾಗುತ್ತೆ. ಬೆಲೆ ಅದೇ, ಒಳಗಿನ ಬಿಸ್ಕತ್ತು ವರ್ಷವರ್ಷ ಕಡಿಮೆ.

ಹಾಗಾದರೆ ಕೊಳ್ಳಬಹುದಾ? ಮಗಳ ಮದುವೆಗೆ, ಕೂಡಿಡೋದಕ್ಕೆ ಅಂದರೆ ಕೊಳ್ಳಿ. ಬಿಲ್ಲು ಜೋಪಾನ, ಪ್ಯಾಕ್ ಒಡೆಯಬೇಡಿ, ವಾಪಸ್ ತಗೊಳ್ತಾರಾ, ಎಷ್ಟು ಕಳೀತಾರೆ ಅಂತ ಕೊಳ್ಳುವ ಮುಂಚೆಯೇ ಕೇಳಿ. ಒಡವೆ ಕೊಳ್ಳುವವರು 22 ಕ್ಯಾರೆಟ್‌ನ ಗುರುತಾದ 916ರ ಜೊತೆ ಎಚ್‌ಯುಐಡಿ ಅನ್ನುವ ಆರಕ್ಷರದ ಹಾಲ್‌ಮಾರ್ಕ್ ನಂಬರ್ ನೋಡಿ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೋ ಅಂತ ತಿಳಿಯುತ್ತೆ. ಪ್ರಳಯ ಕಾಲಕ್ಕೆ ಅಕ್ಕಿ ಕೊಳ್ಳೋದಕ್ಕೆ ಅಂದರೆ, ಸೊನ್ನೆ ಅಂಕ.

ನನ್ನ ಅಂಗಡಿಯಲ್ಲಿ ಇನ್ನೊಂದು ನಾಣ್ಯದ ಡಬ್ಬ ಇದೆ. ಹತ್ತು ರೂಪಾಯಿ ನಾಣ್ಯಗಳದ್ದು. ಸರ್ಕಾರ ಬಿದ್ದಿಲ್ಲ, ಬ್ಯಾಂಕ್ ಮುಳುಗಿಲ್ಲ. ಯಾರೋ ಎಲ್ಲೋ ‘ಇದು ನಡೆಯಲ್ಲ’ ಅಂದರು, ಇಡೀ ಊರು ನಂಬಿತು. ಎಲ್ಲ ವಿನ್ಯಾಸದ ಹತ್ತರ ನಾಣ್ಯವೂ ಚಲಾವಣೆಯಲ್ಲಿದೆ ಅಂತ 2018ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ. ಆದರೂ ಚಿಲ್ಲರೆಗೆ ಕೊಟ್ಟರೆ ಗಿರಾಕಿ ಮುಖ ಹಿಂಡುತ್ತಾರೆ. ಕೋಲಾರಮ್ಮನ ಗುಡಿಗೆ ಹೋದಾಗ ಚೇಳಮ್ಮನ ಹುಂಡಿಗೆ ಒಂದೆರಡು ಹಾಕುತ್ತೇನೆ. ನೆಲದೊಳಗೆ ಇಳಿಯುವ ಆ ಹುಂಡಿಯನ್ನು ಯಾವತ್ತೂ ತೆಗೆದೇ ಇಲ್ಲ ಅಂತಾರೆ. ಎಷ್ಟು ರಾಜರ ದುಡ್ಡು ಕೆಳಗಿದೆಯೋ.

ನಿನ್ನೆ ಸಂಜೆ ಒಬ್ಬ ಹುಡುಗ ಹಾಲಿಗೆ ಬಂದು ಮೂರು ಹತ್ತರ ನಾಣ್ಯ ಇಟ್ಟ. “ನಡೆಯುತ್ತಾ ಅಕ್ಕಾ?” ಅಂತ ಕೇಳಿದ. ತಗೊಂಡೆ. ಡಬ್ಬದಲ್ಲಿ ಈಗ 237.